ದಿನಾ ಓಡಿಸೋಕೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ನಾನು ಆರಿಸಿದ ಬಗೆ

ಆಫೀಸಿಗೆ ಹೋಗಿ ಬರಲು ನನಗೆ ದಿನಕ್ಕೆ 44 ಕಿಲೋಮೀಟರ್ ಆಗುತ್ತದೆ. ಅರ್ಧ ದಾರಿ ಸಿಗ್ನಲ್ಲು, ಟ್ರಾಫಿಕ್ಕು. ಇನ್ನರ್ಧ ತಿರುವುಗಳೇ ಜಾಸ್ತಿ ಇರುವ ಸಣ್ಣ ರಸ್ತೆ. ಈ ದಾರಿಯಲ್ಲಿ ಹನ್ನೊಂದು ವರ್ಷ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಓಡಿಸಿದೆ. ಅದು ಒಂದು ದಿನವೂ ಕೈಕೊಡಲಿಲ್ಲ, ಅದಕ್ಕೆ ನಾನು ಋಣಿ. ಆದರೆ ಆ ಚೆಂದದ ತಿರುವುಗಳು ಸುಮ್ನೆ ಹಾದುಹೋಗುತ್ತಿದ್ದವು. ಹೇಗೂ ದಿನಕ್ಕೆ ಒಂದೂವರೆ ಗಂಟೆ ಕಾರಿನಲ್ಲೇ ಕಳೆಯುತ್ತೇನೆ, ಆ ಹೊತ್ತು ಖುಷಿ ಕೊಡುವಂತಿರಲಿ ಎಂದು ಸ್ಪೋರ್ಟ್ಸ್ ಕಾರು ಹುಡುಕಲು ಹೊರಟೆ. ಹೊಸದು ನನ್ನ ಕೈಗೆ ಎಟುಕುವ ಮಾತಲ್ಲ. ಎರಡು ಕಾರು ಇಟ್ಟುಕೊಳ್ಳಲು ಜಾಗವೂ ಇಲ್ಲ. ಹಾಗಾಗಿ ಬರುವ ಕಾರು ಹಳೆಯದಾಗಿರಬೇಕು, ಜೊತೆಗೆ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಆಗಲೇಬೇಕು.

ಶುರುವಿನಲ್ಲಿ ನಾನು ನೋಡಿದ್ದು ಹಾರ್ಸ್‌ಪವರ್ ಒಂದನ್ನೇ. ಕೈಲಿರುವ ದುಡ್ಡಿಗೆ ಎಲ್ಲಕ್ಕಿಂತ ಜಾಸ್ತಿ ಪವರ್ ಯಾವ ಕಾರಿನಲ್ಲಿ ಸಿಗುತ್ತದೆ ಅಂತ ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ಮೇಲೆ ಬಂದದ್ದು ನಿಸಾನ್ 350ಝಡ್. 3.5 ಲೀಟರಿನ ವಿ6 ಎಂಜಿನ್, ಹಿಂದಿನ ಚಕ್ರಕ್ಕೆ ಪವರ್, ನೋಡಲೂ ಗಟ್ಟಿಮುಟ್ಟು. ಒಬ್ಬರ ಹತ್ತಿರ ಕೇಳಿಕೊಂಡು ನನ್ನ ಆಫೀಸ್ ದಾರಿಯಲ್ಲೇ ಒಂದು ಸುತ್ತು ಓಡಿಸಿದೆ. ಕಾರು ಚೆನ್ನಾಗಿತ್ತು. ಆದರೆ ಎರಡನೇ ಗೇರಿನಲ್ಲಿ ಸ್ವಲ್ಪ ಒತ್ತಿದರೆ ಸಾಕು, ಆ ರಸ್ತೆಯ ವೇಗದ ಮಿತಿ ಮುಗಿದೇಹೋಗುತ್ತಿತ್ತು. ಎಂಜಿನ್ ಅರಳುವ ಹೊತ್ತಿಗೆ ನಾನು ಬ್ರೇಕ್ ಮೇಲೆ ಕಾಲಿಡಬೇಕಿತ್ತು. ಮನೆಗೆ ಬಂದು ಯೋಚಿಸಿದಾಗ, ನನಗೆ ಬೇಕಿರುವುದು 40, 50, 60ರ ವೇಗದಲ್ಲೇ ಖುಷಿ ಕೊಡುವ ಕಾರು ಅಂತ ಗೊತ್ತಾಯಿತು. ಆಮೇಲೆ ಪವರ್ ಬಿಟ್ಟು ತೂಕ ನೋಡಲು ಶುರು ಮಾಡಿದೆ.

ತೂಕ ಕಡಿಮೆ ಇದ್ದರೆ ಎಲ್ಲವೂ ಹಗುರ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ಸಣ್ಣ ಬ್ರೇಕು, ಸಣ್ಣ ಟೈರು ಸಾಕು, ಅವು ಸವೆಯುವುದೂ ನಿಧಾನ. ಬೇಗ ಖಾಲಿಯಾಗುವ ವಸ್ತುಗಳೆಲ್ಲ ಅಗ್ಗವಾಗುತ್ತವೆ. 350ಝಡ್ ಸುಮಾರು ಒಂದೂವರೆ ಟನ್. ಟೊಯೋಟಾ 86 ಮತ್ತು ಅದರ ಅವಳಿ ಸುಬಾರು ಬಿಆರ್‌ಝಡ್ ಸುಮಾರು ಒಂದೂಕಾಲು ಟನ್. ಎರಡು ಸೀಟಿನ, ಛಾವಣಿ ತೆರೆಯುವ ಮಾಜ್ಡಾ ಎಂಎಕ್ಸ್-5 ಯಾವ ತಲೆಮಾರಿನದಾದರೂ ಒಂದು ಟನ್ನಿನ ಆಸುಪಾಸು. 2012ರಲ್ಲಿ ಬಂದ 86ಕ್ಕೆ ಕಂಪನಿಯೇ ಬೇಕೆಂದು 215 ಮಿಲಿಮೀಟರ್ ಅಗಲದ ಸಾಧಾರಣ ಟೈರು ಹಾಕಿ ಕಳಿಸಿತ್ತು. ಹಿಡಿತ ಕಡಿಮೆ ಇದ್ದಷ್ಟೂ ಕಾರು ಏನು ಮಾಡುತ್ತಿದೆ ಎನ್ನುವುದು ಕಡಿಮೆ ವೇಗದಲ್ಲೇ ಗೊತ್ತಾಗುತ್ತದೆ. ಈ ಯೋಚನೆ ನನಗೆ ತುಂಬಾ ಹಿಡಿಸಿತು.

ಪಟ್ಟಿಯಲ್ಲಿ ಬೇರೆ ಕಾರುಗಳೂ ಇದ್ದವು. ಒಂದೊಂದನ್ನೂ ಯಾಕೆ ಕೈಬಿಟ್ಟೆ ಅಂತ ಹೇಳುತ್ತೇನೆ.

ಹಳೇ ಪೋರ್ಶೆ ಬಾಕ್ಸ್‌ಟರ್, ಅಂದರೆ 1996ರಿಂದ 2004ರವರೆಗೆ ಬಂದ 986, ನನ್ನ ಬಜೆಟ್ಟಿಗೇ ಸಿಗುತ್ತಿತ್ತು. ಓಡಿಸಲು ಅದ್ಭುತ ಕಾರು. ಆದರೆ ಅದರ ಎಂಜಿನ್ನಿನ ಒಳಗೆ ಐಎಂಎಸ್ ಎನ್ನುವ ಶಾಫ್ಟಿನ ಬೇರಿಂಗ್ ಇದೆ. ಅದು ಹೋದರೆ ಎಂಜಿನ್ನೇ ಹೋಗಬಹುದು. ಎಲ್ಲ ಕಾರಿನಲ್ಲೂ ಹಾಗೆ ಆಗುವುದಿಲ್ಲ, ಮುಂಚೆಯೇ ಬೇರಿಂಗ್ ಬದಲಿಸಿದ ಕಾರೂ ಸಿಗುತ್ತದೆ. ನಾನು ಹೆದರಿದ್ದು ಅದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯಕ್ಕೆ. ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಅಗ್ಗಕ್ಕೆ ಸಿಕ್ಕ ದುಬಾರಿ ಕಾರು, ಸರ್ವಿಸಿಗೆ ಹೋದಾಗ ದುಬಾರಿ ಕಾರೇ.

ಮಾಜ್ಡಾ ಆರ್‌ಎಕ್ಸ್-8ಕ್ಕೆ ಮನಸ್ಸು ಬಹಳ ಎಳೆಯಿತು. ಪಿಸ್ಟನ್ ಇಲ್ಲದ, ತಿರುಗುವ ರೋಟರಿನ ಎಂಜಿನ್. ನಾಲ್ಕು ಜನ ಕೂರಬಹುದು. ಆದರೆ ಆ ಎಂಜಿನ್ ಸೀಲುಗಳನ್ನು ನಯವಾಗಿಡಲು ಆಯಿಲನ್ನು ತಾನೇ ಸ್ವಲ್ಪ ಸ್ವಲ್ಪ ಸುಡುತ್ತದೆ, ಅದರ ವಿನ್ಯಾಸವೇ ಹಾಗೆ. ಕೊಳ್ಳುವ ಮುಂಚೆ ರೋಟರಿಗೆಂದೇ ಇರುವ ಉಪಕರಣದಲ್ಲಿ ಕಂಪ್ರೆಷನ್ ಟೆಸ್ಟ್, ಅಂದರೆ ಎಂಜಿನ್ನಿನ ಒಳಗಿನ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸಬೇಕು. ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ತಡಬಡಾಯಿಸಬಾರದು. ತಣ್ಣಗಿನ ಎಂಜಿನ್ನಿನಲ್ಲಿ ಸ್ವಲ್ಪ ದೂರ ಹೋಗಿ ಆಫ್ ಮಾಡುವುದೂ ಅದಕ್ಕೆ ಆಗದು. ನನ್ನದು ಅಂಗಡಿಗೂ ಅದೇ ಕಾರು, ಆಫೀಸಿಗೂ ಅದೇ ಕಾರು. ವಾರಕ್ಕೊಮ್ಮೆ ತೆಗೆಯುವವರಿಗೆ ಅದು ಸರಿ.

ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ತರಹದ, ಜೋರು ಎಂಜಿನ್ನಿನ ಹ್ಯಾಚ್‌ಬ್ಯಾಕ್, ಅಂದರೆ ಹಾಟ್ ಹ್ಯಾಚ್‌ ಬಗ್ಗೆಯೂ ಹೇಳಲೇಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇರೆ ಕಾರು ನೋಡುವುದೇ ಬೇಡ, ಇದನ್ನೇ ಕೊಳ್ಳಿ ಅನ್ನುತ್ತೇನೆ. ಐದು ಬಾಗಿಲು, ದೊಡ್ಡ ಡಿಕ್ಕಿ, ಓಡಿಸಿದರೆ ನಗು. ಐದನೇ ತಲೆಮಾರಿನ 2.0 ಟರ್ಬೊ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪನ್ನು ಒತ್ತುವ ಕ್ಯಾಮ್ ಫಾಲೋಯರ್ ಎನ್ನುವ ಸಣ್ಣ ಭಾಗ ಸವೆಯುತ್ತದೆ, ಅದನ್ನು ಬಿಚ್ಚಿಸಿ ನೋಡಿ. ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುವುದರಿಂದ, ಗಾಳಿ ಒಳಬರುವ ಇನ್‌ಟೇಕ್ ವಾಲ್ವು ತೊಳೆಯುವವರು ಯಾರೂ ಇಲ್ಲ, ಅಲ್ಲಿ ಮಸಿ ಕಟ್ಟುತ್ತದೆ. 86ರಲ್ಲಿ ಸಿಲಿಂಡರಿನಲ್ಲೂ ವಾಲ್ವಿನ ಹಿಂದೆಯೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರುವುದರಿಂದ ಆ ಕಾಟ ಕಡಿಮೆ.

ಕೊನೆಗೆ ಉಳಿದದ್ದು 86 ಮತ್ತು ಎಂಎಕ್ಸ್-5. ಎರಡನ್ನೂ ಸಂಜೆ ಆರು ಗಂಟೆಯ ಟ್ರಾಫಿಕ್ಕಿನಲ್ಲೇ ಓಡಿಸಿದೆ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ನಾನು ನೋಡಿದ್ದು ಕ್ಲಚ್ ಎಷ್ಟು ಭಾರ, ನಲವತ್ತು ನಿಮಿಷ ಕೂತರೆ ಸೊಂಟ ಏನು ಹೇಳುತ್ತದೆ, ಹಂಪ್ ದಾಟುವಾಗ ತಳ ಉಜ್ಜುತ್ತದಾ, ನನ್ನ ಲ್ಯಾಪ್‌ಟಾಪ್ ಬ್ಯಾಗು ಎಲ್ಲಿ ಕೂರುತ್ತದೆ ಅಂತ. ಬ್ಯಾಗನ್ನು ಜೊತೆಗೇ ಒಯ್ದಿದ್ದೆ. 86ರ ಹಿಂದಿನ ಸೀಟು ಮನುಷ್ಯರಿಗೆ ಇಕ್ಕಟ್ಟು, ಬ್ಯಾಗಿಗೆ ಹೇಳಿ ಮಾಡಿಸಿದ ಜಾಗ. ನನ್ನ ಜೊತೆ ಸಾಮಾನ್ಯವಾಗಿ ಬರುವುದು ಒಬ್ಬರೇ. ಎಂಎಕ್ಸ್-5ರ 150 ಲೀಟರಿನ ಡಿಕ್ಕಿ ವಾರದ ಸಾಮಾನಿಗೆ ಸಾಕಾಯಿತು. ಅದರ ಗೇರ್ ಲಿವರ್ ಒಂದು ಗೇಣೂ ಓಡಾಡುವುದಿಲ್ಲ, ಮಣಿಕಟ್ಟು ಆಡಿಸಿದರೆ ಸಾಕು. ಟ್ರಾಫಿಕ್ಕಿನಲ್ಲಿ ಒಂದರಿಂದ ಎರಡಕ್ಕೆ ಹಾಕುವುದೂ ಹಿತ ಅನ್ನಿಸಿದ್ದು ಅಲ್ಲೇ. ಹಾಗಾಗಿ ಎಂಎಕ್ಸ್-5 ಅಂತ ತೀರ್ಮಾನಿಸಿದೆ. 1989ರಲ್ಲಿ ಬಂದ ಮೊದಲ ತಲೆಮಾರಿನದಕ್ಕೆ ಆಸೆ ಇತ್ತು. ಆದರೆ ದಿನದ ಓಡಾಟಕ್ಕೆ ಮೂರನೇ ತಲೆಮಾರಿನದು, 2005ರಿಂದ 2015ರವರೆಗೆ ಬಂದದ್ದು, ಸರಿ ಅನ್ನಿಸಿತು. ಒಳಗೆ ಜಾಗ ಜಾಸ್ತಿ, ಟೈಮಿಂಗ್ ಬೆಲ್ಟಿನ ಬದಲು ಚೈನ್ ಇದೆ, ಬೇಡಿಕೆ ಕಡಿಮೆ ಇದ್ದುದರಿಂದ ಬೆಲೆಯೂ ಕಡಿಮೆ.

ಮಾಡೆಲ್ ಗೊತ್ತಾದ ಮೇಲೆ ನಿಜವಾದ ಕೆಲಸ ಶುರು. ಒಂದೇ ಮಾಡೆಲಿನ ಎರಡು ಹಳೇ ಕಾರು ಒಂದೇ ತರಹ ಇರುವುದಿಲ್ಲ. ಒಟ್ಟು ಆರು ಕಾರು ನೋಡಿದೆ. ಎರಡನೆಯದರ ಬಣ್ಣ ಹೊಳೆಯುತ್ತಿತ್ತು, ಬೆಲೆಯೂ ಕಡಿಮೆ. ನನ್ನ ಮೆಕ್ಯಾನಿಕ್ ಬಂದವರೇ ಬಾನೆಟ್ ಮೇಲೆ ಅಂಗೈ ಇಟ್ಟರು. "ಬಿಸಿ ಇದೆ. ನಾವು ಬರೋ ಮುಂಚೆನೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲಿವರೆಗೂ ಮುಟ್ಟಬೇಡಿ ಅಂತ ಹೇಳಿ ಸರ್," ಅಂದರು. ಮಾರನೇ ದಿನ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಆಯಿಲ್ ಸುಡುತ್ತಿದೆ ಅಂತ ಅರ್ಥ. ಅಲ್ಲಿಂದ ನಮಸ್ಕಾರ ಹೇಳಿ ಹೊರಟೆವು.

ನಾನು ಕೊಂಡ ಕಾರು ಐದನೆಯದು. ಬಂಪರಿನಲ್ಲಿ ಗೀರು, ಸೀಟಿನ ಅಂಚು ಸವೆದಿತ್ತು. ಆದರೆ ಸರ್ವಿಸಿನ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಇದ್ದವು. ತಣ್ಣಗಿರುವಾಗಲೇ ಎರಡನೇ ಗೇರ್ ಕಿರುಗುಟ್ಟದೆ ಬಿತ್ತು. ನಾಲ್ಕು ಟೈರೂ ಒಂದೇ ಕಂಪನಿಯವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರು ಹೆಚ್ಚು ಸವೆಯದಿದ್ದರೂ ರಬ್ಬರು ಮುದಿಯಾಗಿರಬಹುದು, ಅದಕ್ಕೇ ಆ ಅಂಕಿ ಓದಬೇಕು.

ತೆರೆಯುವ ಛಾವಣಿಯ ಕಾರು ನೋಡುವವರು ಇನ್ನೊಂದು ಕೆಲಸ ಮಾಡಲೇಬೇಕು. ಛಾವಣಿಯ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದಿನ ಎರಡು ಮೂಲೆಯ ತೂತುಗಳಿಗೆ ಇಳಿದು ಕಾರಿನ ಕೆಳಗೆ ಹೋಗುತ್ತದೆ. ಎಲೆ, ಮಣ್ಣು ಕೂತು ಆ ತೂತು ಕಟ್ಟಿಕೊಂಡರೆ ನೀರು ಒಳಗೆ ಹರಿಯುತ್ತದೆ. ಬಾಗಿಲಿನ ಕೆಳಗಿನ ಪಟ್ಟಿ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಉಬ್ಬುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ನಾನು ಒಂದು ಬಾಟಲಿ ನೀರು ಒಯ್ದಿದ್ದೆ. ಒಂದು ಮೂಲೆಗೆ ನಿಧಾನವಾಗಿ ಸುರಿದು ಬಗ್ಗಿ ನೋಡಿದೆ, ಕೆಳಗೆ ಸಣ್ಣ ಧಾರೆಯಾಗಿ ಬಂತು. ಇನ್ನೊಂದು ಮೂಲೆಯಲ್ಲಿ ನೀರು ಹಾಗೇ ನಿಂತಿತು. ಮೆಕ್ಯಾನಿಕ್ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿ ಅಲ್ಲಾಡಿಸಿದರು. ಕಪ್ಪಗೆ ಕೊಳೆತ ಎಲೆಯ ಮುದ್ದೆಯೊಂದು ಜಾರಿ ನೀರು ಗಳಗಳ ಇಳಿಯಿತು. ಆ ಬದಿಯ ಕಾರ್ಪೆಟ್ ಎತ್ತಿ ಕೈಯಾಡಿಸಿದೆ, ಪುಣ್ಯಕ್ಕೆ ಒಣಗಿತ್ತು. ಲಿಫ್ಟಿನ ಮೇಲೆ ಏರಿಸಿ ತಳವನ್ನೂ ಟಾರ್ಚ್ ಹಿಡಿದು ನೋಡಿದ ಮೇಲೆ ವ್ಯಾಪಾರ ಮುಗಿಸಿದೆವು.

ಕೈಲಿದ್ದ ದುಡ್ಡನ್ನೆಲ್ಲ ಕಾರಿಗೇ ಸುರಿಯಲಿಲ್ಲ. ಐದರಲ್ಲಿ ಒಂದು ಭಾಗ ಮೊದಲೇ ಪಕ್ಕಕ್ಕಿಟ್ಟಿದ್ದೆ. ಕೊಂಡ ವಾರವೇ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್, ಬ್ರೇಕ್ ಫ್ಲೂಯಿಡ್, ಕೂಲೆಂಟ್ ಎಲ್ಲ ಬದಲಿಸಿದೆ. ಆರು ತಿಂಗಳಿಗೆ ಮುಂದಿನ ಬ್ರೇಕ್ ಪ್ಯಾಡು, ಎಂಟನೇ ತಿಂಗಳಿಗೆ ಬ್ಯಾಟರಿ. ಎಲ್ಲ ಆ ಪಕ್ಕಕ್ಕಿಟ್ಟ ದುಡ್ಡಿನಲ್ಲೇ ಆಯಿತು. ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಕೊಳ್ಳುವ ಮುಂಚೆಯೇ ಕೇಳಿದ್ದೂ ಒಳ್ಳೆಯದಾಯಿತು, ಇಂಥ ಕಾರಿಗೆ ಅದು ಜಾಸ್ತಿಯಾಗಬಹುದು.

ಕಷ್ಟವೂ ಇದೆ. ದೊಡ್ಡ ಲಾರಿ ಪಕ್ಕ ಬಂದರೆ ಅದರ ಚಕ್ರವಷ್ಟೇ ಕಾಣುತ್ತದೆ, ಅವರಿಗೆ ನಾನು ಕಾಣುತ್ತೇನಾ ಅಂತ ಎಚ್ಚರದಿಂದಿರಬೇಕು. ಹೆದ್ದಾರಿಯಲ್ಲಿ ಗಾಳಿಯ ಸದ್ದಿಗೆ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಇಬ್ಬರು ನೆಂಟರು ಒಟ್ಟಿಗೆ ಬಂದರೆ ಟ್ಯಾಕ್ಸಿಯೇ ಗತಿ.

ಒಂದೂವರೆ ವರ್ಷದಲ್ಲಿ 19,000 ಕಿಲೋಮೀಟರ್ ಓಡಿಸಿದ್ದೇನೆ. ಆಫೀಸಿನಿಂದ ಬರುವಾಗ ಕೊನೆಯ ಸಿಗ್ನಲ್ ದಾಟಿದ ಮೇಲೆ ಒಂದು ಎಡ ತಿರುವು, ತಕ್ಷಣ ಒಂದು ಬಲ ತಿರುವು ಇದೆ. ಮಳೆ ಇಲ್ಲದ ಸಂಜೆ ಸಿಗ್ನಲ್ಲಿನಲ್ಲಿ ನಿಂತಾಗಲೇ ಛಾವಣಿ ಹಿಂದಕ್ಕೆ ಮಡಚುತ್ತೇನೆ, ಒಂದೇ ಕೈಯಲ್ಲಿ ಆಗುತ್ತದೆ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸುತ್ತೇನೆ. ಮೀಟರಿನಲ್ಲಿ 45 ಇರುತ್ತದೆ.