ಫೋಟೋದ ಆಕಾಶದಲ್ಲಿ ಬರುತ್ತಿದ್ದ ಚುಕ್ಕೆಗಳು ಹೋಗಿದ್ದು ಹೀಗೆ

ನನ್ನ ಫೋಟೋಗಳಲ್ಲಿ ಆಕಾಶ ಇದ್ದ ಕಡೆಯೆಲ್ಲ ಮಸುಕಾದ ಬೂದು ಚುಕ್ಕೆಗಳು ಬರುತ್ತಿದ್ದವು. ಲೆನ್ಸ್ ಒರೆಸಿದರೂ ಹೋಗಲಿಲ್ಲ. ಬೇರೆ ಲೆನ್ಸ್ ಹಾಕಿದೆ, ಅದೇ ಜಾಗದಲ್ಲಿ ಅವೇ ಚುಕ್ಕೆಗಳು. ಅಂದರೆ ಧೂಳು ಕೂತಿರುವುದು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮುಂದಿನ ಗಾಜಿನ ಮೇಲೆ.

ಎಫ್/2.8ರಲ್ಲಿ, ಅಂದರೆ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ದೊಡ್ಡದಾಗಿ ತೆರೆದು ತೆಗೆದ ಚಿತ್ರಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅಪರ್ಚರ್ ಚಿಕ್ಕದಾದಷ್ಟೂ ಧೂಳಿನ ನೆರಳು ಗಟ್ಟಿಯಾಗಿ ಬೀಳುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಅದಕ್ಕೇ ಎಫ್/16ರಲ್ಲಿ ಬೆಟ್ಟ, ಕಡಲು ತೆಗೆಯುವವರಿಗೆ ಈ ಕಾಟ ಜಾಸ್ತಿ.

ಎಫ್/22 ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಫೋಟೋ ತೆಗೆದೆ. ಚುಕ್ಕೆಗಳೆಲ್ಲ ಎದ್ದು ಕಂಡವು. ಆಮೇಲೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಲೆನ್ಸ್ ಬಿಚ್ಚಿ, ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿದೆ. ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು, ರಬ್ಬರ್ ಬ್ಲೋಯರ್‌ನಿಂದ ಗಾಳಿ ಹೊಡೆದೆ. ಬ್ಲೋಯರ್ ತುದಿ ಒಳಗೆಲ್ಲೂ ತಾಗಬಾರದು. ಬಾಯಿಂದ ಮಾತ್ರ ಊದಲೇಬೇಡಿ, ಎಂಜಲು ಹಾರುತ್ತದೆ. ಡಬ್ಬಿಯಲ್ಲಿ ಬರುವ ಗಾಳಿ ಸ್ಪ್ರೇ ಕೂಡ ಬೇಡ, ಅದರಿಂದ ದ್ರವ ಚಿಮ್ಮಬಹುದು.

ಮತ್ತೆ ಗೋಡೆಯ ಫೋಟೋ ತೆಗೆದೆ. ಮೇಲಿನ ಮೂಲೆಯ ಒಂದು ಚುಕ್ಕೆ ಬಿಟ್ಟು ಉಳಿದವೆಲ್ಲ ಹೋಗಿದ್ದವು. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ ಅಲ್ವಾ, ಹಾಗಾಗಿ ಫೋಟೋದಲ್ಲಿ ಮೇಲೆ ಕಾಣುವ ಧೂಳು ಸೆನ್ಸರ್‌ನಲ್ಲಿ ಕೆಳಗಿರುತ್ತದೆ. ಅಲ್ಲಿಗೇ ಗುರಿಯಿಟ್ಟು ಗಾಳಿ ಹೊಡೆದ ಮೇಲೆ ಅದೂ ಹೋಯಿತು.