ಲಾರಿ ಎಣಿಸುವ ಮುಂಚೆ ಟಿಪ್ಪಣಿ ಓದಿ

ಬಳ್ಳಾರಿ, ಸಂಡೂರು, ಕೊಪ್ಪಳದ ಕಡೆ ಉಕ್ಕು, ಅದಿರಿನ ಷೇರು ಹಿಡಿದವರಿಗೆ ಒಳಗಿನ ಸುದ್ದಿಯ ಚಟ ಜಾಸ್ತಿ. ಯಾರ್ಡಿನಲ್ಲಿ ಮಾಲು ಎಷ್ಟಿದೆ, ಗೇಟಿನಿಂದ ಲಾರಿ ಎಷ್ಟು ಹೊರಟವು, ಬಾಡಿಗೆ ಬಾಕಿ ಇದೆಯಾ. ನಾನೂ ವಿಚಾರಿಸುತ್ತೇನೆ. ಆದರೆ ಕಂಪನಿಯೇ ಏನನ್ನು ಯಾವಾಗ ಪ್ರಕಟಿಸುತ್ತದೆ ಎಂದು ನೋಡಿಕೊಂಡ ಮೇಲೆ.

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು ತಿಂಗಳ ತಿಂಗಳೂ ಕಚ್ಚಾ ಉಕ್ಕಿನ ಉತ್ಪಾದನೆ ಹೇಳುತ್ತದೆ. ದೋಣಿಮಲೈ ಗಣಿ ನಡೆಸುವ ಸರ್ಕಾರಿ ಕಂಪನಿ ಎನ್‌ಎಂಡಿಸಿ ಅದಿರಿನ ದರ ಬದಲಿಸಿದರೆ ಷೇರುಪೇಟೆಗೆ ತಿಳಿಸುತ್ತದೆ. ಹಾಗಿರುವಾಗ ತೋರಣಗಲ್ಲಿನ ರಸ್ತೆಯಲ್ಲಿ ಲಾರಿ ಎಣಿಸುವುದು ದಂಡ. ಅದಿರು ಕನ್ವೇಯರಿನಲ್ಲೂ ರೈಲಿನಲ್ಲೂ ಹೋಗುತ್ತದೆ. ಯಾರ್ಡಿನಿಂದ ಯಾರ್ಡಿಗೆ ಸಾಗಿಸಿದ್ದೂ ಮಾರಾಟದ ಹಾಗೇ ಕಾಣುತ್ತದೆ.

ಗಿರಾಕಿಗಳಿಂದ ಬರಬೇಕಾದ ಬಾಕಿಯೂ ಪ್ರಕಟವಾಗುತ್ತದೆ, ಆದರೆ ಅದು ಏರಿದ ಕಾರಣ ಪ್ರಕಟವಾಗುವುದಿಲ್ಲ. 2021–22ರಿಂದ ವಾರ್ಷಿಕ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಬಾಕಿಯನ್ನು ವಯಸ್ಸಿನ ಪ್ರಕಾರ ಒಡೆದು ತೋರಿಸಲೇಬೇಕು: ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷ, ಹೀಗೆ ಮೂರು ವರ್ಷ ಮೀರಿದ್ದರ ತನಕ. "ದುಡ್ಡು ಸಿಕ್ಕಿಕೊಂಡಿದೆಯಂತೆ" ಅನ್ನೋ ಗಾಳಿಸುದ್ದಿಗೆ ಈಗ ಬೆಲೆಯಿಲ್ಲ, ಅದು ಅಚ್ಚಾಗಿಯೇ ಬರುತ್ತದೆ. ಬೆಲೆ ಬಂದಿರುವುದು ಬೇರೆ ಪ್ರಶ್ನೆಗಳಿಗೆ. ಉದಾಹರಣೆಗೆ, ಕಳೆದ ವರ್ಷ ವಹಿವಾಟು 600 ಕೋಟಿ, ಬಾಕಿ 74 ಕೋಟಿ ಅನ್ನಿ. 74ನ್ನು 600ರಿಂದ ಭಾಗಿಸಿ 365ರಿಂದ ಗುಣಿಸಿದರೆ 45 ದಿನ, ಅಂದರೆ ಅಷ್ಟು ದಿನದ ಮಾರಾಟದ ದುಡ್ಡು ಇನ್ನೂ ಬರಬೇಕಿದೆ. ಈ ವರ್ಷ 730 ಕೋಟಿಗೆ 120 ಕೋಟಿ, ಅಂದರೆ 60 ದಿನ. ವಹಿವಾಟು ಏರಿದ್ದು ಫಲಿತಾಂಶ ಬಂದ ಕೂಡಲೇ ಷೇರಿನ ದರಕ್ಕೆ ಸೇರಿರುತ್ತದೆ. ಈ 15 ದಿನ ಯಾಕೆ ಹೆಚ್ಚಾಯಿತು ಅನ್ನುವುದು ಸೇರಿರುವುದಿಲ್ಲ. ವಯಸ್ಸು ಎಣಿಸುವುದು ಪಾವತಿಯ ಗಡುವಿನಿಂದ. ಹಾಗಾಗಿ ಉದ್ರಿಯ ಗಡುವನ್ನು 30ರಿಂದ 60 ದಿನಕ್ಕೆ ಏರಿಸಿದ ಕಂಪನಿಯ ಪಟ್ಟಿ ಸ್ವಚ್ಛವಾಗೇ ಕಾಣುತ್ತದೆ, ದಿನಗಳ ಲೆಕ್ಕ ಮಾತ್ರ ಏರಿರುತ್ತದೆ. ಆಗ ಡೀಲರುಗಳನ್ನು ಕೇಳುವುದು ಎರಡೇ: ಉದ್ರಿ ಎಷ್ಟು ದಿನಕ್ಕೆ ಕೊಡುತ್ತಿದ್ದಾರೆ, ಮಾರಾಟ ಹೆಚ್ಚು ತೋರಿಸಲು ಮಾರ್ಚ್ ಕೊನೆಗೆ ಡೀಲರಿಗೆ ತಳ್ಳಿದ ಮಾಲು ಏಪ್ರಿಲ್‌ನಲ್ಲಿ ವಾಪಸ್ ಹೋಯಿತಾ. ಲಾಭ-ನಷ್ಟದ ಪುಟ ಮಾತ್ರ ಓದಿದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ತ್ರೈಮಾಸಿಕ ಫಲಿತಾಂಶ 45 ದಿನದೊಳಗೆ, ವಾರ್ಷಿಕ ಫಲಿತಾಂಶ 60 ದಿನದೊಳಗೆ ಬರಬೇಕು. ಆದರೆ ಆಸ್ತಿ-ಹೊಣೆಯ ಪಟ್ಟಿ (ಬ್ಯಾಲೆನ್ಸ್ ಶೀಟ್) ಕಡ್ಡಾಯವಿರುವುದು ಸೆಪ್ಟೆಂಬರ್, ಮಾರ್ಚ್‌ಗೆ ಮಾತ್ರ. ಜೂನ್, ಡಿಸೆಂಬರ್‌ನಲ್ಲಿ ಸಿದ್ಧ ಮಾಲಿನ ಏರಿಳಿತದ ಒಂದು ಸಾಲು ಬಿಟ್ಟರೆ ಬಾಕಿಯೂ ಸಾಲವೂ ಸಾಮಾನ್ಯವಾಗಿ ಕಾಣುವುದಿಲ್ಲ. ಓಡಾಡಿ ವಿಚಾರಿಸುವ ಶ್ರಮವನ್ನೆಲ್ಲ ನಾನು ಈ ಎರಡು ತ್ರೈಮಾಸಿಕಕ್ಕೇ ಉಳಿಸಿಕೊಳ್ಳುತ್ತೇನೆ.

ಕೇಳುವುದು ಲಾರಿ ಮಾಲೀಕರು, ಡೀಲರು, ಫೌಂಡ್ರಿಯವರನ್ನು. ಕಂಪನಿಯ ಅಕೌಂಟ್ಸ್‌ನಲ್ಲಿರುವ ಪರಿಚಯದವರನ್ನಂತೂ ಅಲ್ಲ. ಪ್ರಕಟವಾಗದ ಫಲಿತಾಂಶ ತಿಳಿದು ಷೇರು ಕೊಂಡರೆ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮದಡಿ ಹೇಳಿದವನೂ ಸಿಕ್ಕಿಬೀಳುತ್ತಾನೆ, ಕೊಂಡವನೂ. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಬಂದು 48 ಗಂಟೆ ಕಳೆಯುವ ತನಕ ಕಂಪನಿಯ ಒಳಗಿನವರು ಅದರ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ವಾಟ್ಸಾಪ್‌ನಲ್ಲಿ ಟಿಪ್ ಸುರಿಯುವುದೂ ಆಗಲೇ, ಅದಕ್ಕೆ ದುಡ್ಡು ಕೊಡುವವರೂ ಇದ್ದಾರೆ! ಆ ದಿನಗಳಲ್ಲಿ ನಾನು ಹಿಂದಿನ ವಾರ್ಷಿಕ ವರದಿಯ ಟಿಪ್ಪಣಿ ತೆರೆದು, ಫಲಿತಾಂಶ ಬಂದ ಮೇಲೆ ತುಂಬಬೇಕಾದ ಕಾಲಂಗಳನ್ನು ಎಕ್ಸೆಲ್‌ನಲ್ಲಿ ಸಿದ್ಧಮಾಡಿಡುತ್ತೇನೆ.