ಸಂಜೆ ದಾಸೋಹಕ್ಕೆ ಕೈಜೋಡಿಸುವವರಿಗೆ: ಸೌಟಿನ ಲೆಕ್ಕ

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಕಡೆ ರಾತ್ರಿ ಊಟದ ಸಾಲಿಗೆ ನಿಲ್ಲುವವರು ರೋಗಿಗಳ ಜೊತೆ ಬಂದವರು. ಜಗಳೂರು, ಹೊನ್ನಾಳಿ, ಚನ್ನಗಿರಿ ಸೀಮೆಯವರು. ಉಂಡು ಮತ್ತೆ ವಾರ್ಡಿಗೆ ಓಡಬೇಕು. ಏಳೂವರೆಗೆ ಊಟ ಅಂದಿದ್ದರೆ ಏಳೂವರೆಗೇ ಬಡಿಸಬೇಕು. ಅದಕ್ಕೆ ನೀವು ಐದಕ್ಕೇ ಬನ್ನಿ.

150 ಮಂದಿಗೆ ಅಕ್ಕಿ 15 ಕೆ.ಜಿ., ತೊಗರಿಬೇಳೆ ನಾಲ್ಕೂವರೆ, ತರಕಾರಿ 10. ಸಾಂಬಾರು 30 ಲೀಟರ್ ಆಗಬೇಕು. ಉಪ್ಪು ಮೊದಲು 250 ಗ್ರಾಂ ಹಾಕಿ, ರುಚಿ ನೋಡಿ ಮಿಕ್ಕಿದ್ದು. ಬೇಳೆ ಪೂರ್ತಿ ಕರಗುವವರೆಗೆ ಹುಣಸೆರಸ ಬೇಡ; ಹುಳಿ ಬಿದ್ದರೆ ಬೇಳೆ ಬೇಯುವುದೇ ಇಲ್ಲ. ಖಾರ ಕಡಿಮೆ ಇರಲಿ.

ಅಕ್ಕಿಯನ್ನು ಒಂದೇ ಹಂಡೆಗೆ ಸುರಿಯಬೇಡಿ. ಭಾರಕ್ಕೆ ಅಡಿ ಮುದ್ದೆಯಾಗುತ್ತದೆ, ಮೇಲೆ ಕಾಳು ಕಾಳಾಗಿ ಉಳಿಯುತ್ತದೆ. ಎರಡು ಪಾತ್ರೆ ಮಾಡಿ, ನೀರು ಮಳ್ಳಿದ ಮೇಲೆ ಅಕ್ಕಿ ಹಾಕಿ, ಗಂಜಿ ಬಸಿದು ಮುಚ್ಚಿಡಿ. ತಳ ಹಿಡಿದರೆ ಕೆದಕಲೇಬೇಡಿ. ಮೇಲಿನ ಅನ್ನವನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೆಗೆದುಬಿಡಿ. ಒಂದು ಸಲ ಕಲಕಿದರೆ ಸೀದ ವಾಸನೆ ಇಡೀ ಹಂಡೆಗೆ.

ಹೊಸಬರು ಎಡವುವುದು ಬಡಿಸುವಾಗ. 15 ಕೆ.ಜಿ. ಅಕ್ಕಿಗೆ ಸುಮಾರು 40 ಕೆ.ಜಿ. ಅನ್ನ, ತಲೆಗೆ 270 ಗ್ರಾಂ ಆಸುಪಾಸು. ನಿಮ್ಮ ಸೌಟಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ಮೊದಲೇ ತೂಗಿ ನೋಡಿ. ಮೊದಲ ಐವತ್ತು ಜನಕ್ಕೆ ಕೈ ಧಾರಾಳವಾಗಿ ಹೋಗುತ್ತದೆ, ಕೊನೆಯ ಮೂವತ್ತು ಜನ ಬರೀ ಸಾಂಬಾರು ನೋಡುತ್ತಾರೆ. ಮೊದಲ ಸುತ್ತಿಗೆ ಅಳತೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹಾಕಿ, ಮಿಕ್ಕಿದ್ದು ಎರಡನೇ ಸುತ್ತಿಗೆ. ಅರ್ಧ ಜನ ಆದಾಗ ಹಂಡೆ ಒಮ್ಮೆ ಇಣುಕಿ. ಕಡಿಮೆ ಬೀಳುವಂತಿದ್ದರೆ ಮಂಡಕ್ಕಿ ಚೀಲ ಬಿಚ್ಚಿ: ನೆನೆಸಿ, ಹಿಂಡಿ, ಒಗ್ಗರಣೆ ಹಾಕಿದರೆ ಹತ್ತೇ ನಿಮಿಷ. ನಮ್ಮೂರಲ್ಲಿ ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ.

ಎರಡನೇ ಸುತ್ತಿನಲ್ಲಿ “ಸಾಕಾ?” ಅನ್ನಬೇಡಿ. ಸಂಕೋಚದವರು “ಸಾಕು” ಅಂದುಬಿಡುತ್ತಾರೆ. “ಅಜ್ಜಾ, ಇನ್ನಷ್ಟು ಹಾಕ್ಲಾ?” ಅನ್ನಿ, ಸೌಟು ಕೈಯಲ್ಲಿ ಹಿಡಿದೇ ಕೇಳಿ. ಉಣ್ಣುವವರ ಫೋಟೊ ಬೇಡ. ವಾರ್ಡಿಗೆ ಒಯ್ಯುವವರಿಗೆ ಸ್ಟೀಲ್ ಡಬ್ಬಿ ತರಲು ಹೇಳಿ. ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿಯಬಾರದು.

ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನಕ್ಕೆ ಅಂತ ಹಂಡೆಯಲ್ಲೇ ಬಿಡುವ ಚಾಳಿ ಅಪಾಯದ್ದು. ಕೆಲವು ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಗೂ ಸಾಯುವುದಿಲ್ಲ. ಉಗುರು ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅನ್ನ ಬಿಸಿ ಆರುವ ಮೊದಲೇ ಅಲ್ಲೇ ಇನ್ನಷ್ಟು ಜನರಿಗೆ ಹಂಚಿ ಮುಗಿಸಿ. ಹಂಡೆ ಬರಿದಾದ ಕೂಡಲೇ ನೀರು ತುಂಬಿಸಿ, ಗಂಜಿ ಒಣಗಿದರೆ ಉಜ್ಜಲು ಅರ್ಧ ಗಂಟೆ ಹೆಚ್ಚು ಬೇಕು. ಹೊರಡುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದೆಯೇ ನೋಡಿ.